ಮೂರು ಸಲಾಮಿನ ಕಾರು

ದಾವಣಗೆರೆಯ ವಿನೋಬನಗರದ ನಮ್ಮ ಅಡ್ಡರಸ್ತೆಯಲ್ಲಿ ಆ ಕಾಲಕ್ಕೆ ಸೈಕಲ್ ಇದ್ದವನು ಅನುಕೂಲಸ್ಥ, ಸ್ಕೂಟರ್ ಇದ್ದವನು ಸಾಹುಕಾರ. ಕಾರು ಇಟ್ಟವರು ಯಾರೂ ಇರಲಿಲ್ಲವಾದ್ದರಿಂದ ಅಂಥವರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಎದ್ದಿರಲಿಲ್ಲ. ಅದನ್ನು ಎಬ್ಬಿಸಿದ ಕೀರ್ತಿ ಬಕ್ಕೇಶಪ್ಪನವರದು. ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತರಾಗಿದ್ದ ಅವರು ಒಂದು ಭಾನುವಾರ ಸಂಜೆ, ನಾವೆಲ್ಲ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಾಗ, ಕಪ್ಪು ಅಂಬಾಸಿಡರ್ ಕಾರಿನಲ್ಲಿ ಬೀದಿಗೆ ಬಂದರು. ಕಾರನ್ನು ಹಿಂದಿನಿಂದ ಜಿನ್ನಿನ ಹಮಾಲರು ತಳ್ಳುತ್ತಿದ್ದರು. ಬಕ್ಕೇಶಪ್ಪನವರ ಮುಖದಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ.

ಕಾರು ಅವರ ಮಾಲೀಕರಾದ ಕುಬೇರಪ್ಪನವರದು. ಹೊಸ ಕಾರು ತಂದ ಮೇಲೆ ಕುಬೇರಪ್ಪನವರು ಹಳೆಯದನ್ನು ಮಾರಲು ನೋಡಿದರು, ಕೊಳ್ಳುವವರು ಬರಲಿಲ್ಲ. ಪುಕ್ಕಟೆ ಕೊಡುತ್ತೇನೆಂದು ಭಾವಮೈದುನನಿಗೆ ಹೇಳಿದರು, ಅವನು ಹಬ್ಬಕ್ಕೆ ಬರುವುದನ್ನೇ ಬಿಟ್ಟ. ಕೊನೆಗೆ ದೀರ್ಘ ಸೇವೆಗೆ ಬಹುಮಾನವೆಂದು ಹಾರ ಹಾಕಿ ಬಕ್ಕೇಶಪ್ಪನವರಿಗೆ ಒಪ್ಪಿಸಿದರು.

"ಧಣಿಗಳ ಕೈ ಎಷ್ಟು ದೊಡ್ಡದು ನೋಡು" ಎಂದರು ಬಕ್ಕೇಶಪ್ಪ ಹೆಂಡತಿಗೆ.

"ಕೈ ದೊಡ್ಡದಲ್ರೀ, ಶೆಡ್ಡು ಸಣ್ಣದು" ಎಂದರು ಕಸ್ತೂರಮ್ಮ.

ಕುಬೇರಪ್ಪನವರ ಡ್ರೈವರ್ ಎರಡು ವಾರ ಪಾಠ ಹೇಳಿ, ಕೊನೆಯ ದಿನ "ಬ್ರೇಕ್ ಮಾತ್ರ ಮೂರು ಸಲ ಒತ್ರಿ ಸ್ವಾಮಿ" ಎಂದಿದ್ದ. ಇದು ಈ ಕಾರಿನ ಕಾಯಿಲೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಲೋಕದ ಎಲ್ಲ ಕಾರುಗಳಿಗೂ ಅದೇ ಶಾಸ್ತ್ರವೆಂದು ಬಕ್ಕೇಶಪ್ಪನವರು ತಿಳಿದರು. ಮೊದಲ ಸಲ ಒತ್ತಿದರೆ ಪೆಡಲ್ಲು ಬೆಣ್ಣೆಯಲ್ಲಿ ಕಾಲಿಟ್ಟಂತೆ ತಳ ಸೇರುತ್ತಿತ್ತು. ಎರಡನೆಯ ಸಲಕ್ಕೆ ಅರ್ಧದಲ್ಲಿ ನಿಲ್ಲುತ್ತಿತ್ತು. ಮೂರನೆಯದಕ್ಕೆ ಗಟ್ಟಿಯಾಗಿ ಕಾರು ನಿಲ್ಲುತ್ತಿತ್ತು. "ಮೊದಲ್ನೇದು ತಿಳಿಸೋದಕ್ಕೆ, ಎರಡ್ನೇದು ನೆನಪು ಮಾಡೋದಕ್ಕೆ, ಮೂರ್ನೇದು ನಿಲ್ಸೋದಕ್ಕೆ" ಎಂದು ಅವರು ಕಟ್ಟೆಯ ಮೇಲೆ ಕೂತವರಿಗೆ ವಿವರಿಸುತ್ತಿದ್ದರು. ನಮ್ಮಲ್ಲಿ ಯಾರಿಗೂ ಕಾರಿರಲಿಲ್ಲ, ಆದ್ದರಿಂದ ಎಲ್ಲರೂ ಒಪ್ಪಿದೆವು.

ಈ ಶಾಸ್ತ್ರಕ್ಕೆ ಮೊದಲ ಧಕ್ಕೆ ಬಂದದ್ದು ಖಾಜಾ ಹುಸೇನನ ಅಂಗಡಿಯ ಮುಂದೆ. ಖಾಜಾ ಹುಸೇನ್ ಬಕ್ಕೇಶಪ್ಪನವರ ಎದುರುಮನೆಯವನು, ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬಿನವನು. ಅವನ ಮೀಸೆಯಲ್ಲಿ ಸದಾ ಹತ್ತಿ ಇರುತ್ತಿದ್ದುದರಿಂದ ಅವನಿಗೆ ವಯಸ್ಸೆಷ್ಟೆಂದು ಬೀದಿಯಲ್ಲಿ ಯಾರಿಗೂ ಖಚಿತವಿರಲಿಲ್ಲ. ಒಂದು ಬೆಳಿಗ್ಗೆ ಆಡೊಂದು ಅಡ್ಡ ಬಂದಿತು. ಬಕ್ಕೇಶಪ್ಪನವರು ತಿಳಿಸಿದರು, ನೆನಪು ಮಾಡಿದರು. ಅಷ್ಟರಲ್ಲಿ ಕಾರು ಅಂಗಡಿಯ ಮುಂದೆ ಹಿಂಜಿ ಗುಡ್ಡೆ ಹಾಕಿದ್ದ ಹತ್ತಿಯೊಳಗೆ ಹೊಕ್ಕು ಕಾಣದಾಯಿತು. ಆಡು ಕಟ್ಟೆ ಹತ್ತಿ ನಿಂತು ನೋಡಿತು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೀದಿಯೆಲ್ಲ ಸೇರಿತು, ಸೇರಿದ ಮೇಲೆ ರೋಗ ಪತ್ತೆ ಮಾಡದೆ ಹೋಗುವ ಜಾಯಮಾನ ನಮ್ಮದಲ್ಲ. ಮೊದಲು ಖಾಜಾ ಹುಸೇನನೇ ಕಾರಿನೊಳಗೆ ತಲೆ ತೂರಿಸಿ ಪೆಡಲ್ಲನ್ನು ಅಂಗೈಯಿಂದ ಒತ್ತಿ ನೋಡಿದ. ಗಾದಿ ನೋಡುವ ಕೈ ಅದು.

"ಮೆತ್ತಗಾಗೈತೆ ಅಣ್ಣಾ. ಒಳಗಿನ ಸಾಮಾನು ಹಳೇದಾಗಿ ಗಂಟು ಕಟ್ಟೈತೆ. ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿ ತುಂಬಬೇಕು" ಎಂದ.

ಕಸ್ತೂರಮ್ಮನ ಅಣ್ಣ ಕೆಂಚಣ್ಣ ಕೊಕ್ಕನೂರಿನಿಂದ ಅವತ್ತು ತಂಗಿಯ ಮನೆಗೆ ಬಂದಿದ್ದರು. ಅವರು ಕಾರಿನ ಮುಂದಿನ ಚಕ್ರಗಳನ್ನು ಬಹಳ ಹೊತ್ತು ನೋಡಿ, ಒಂದನ್ನು ತಟ್ಟಿ, "ಮುಂಗಾಲು ಉಳುಕೈತೆ. ಎತ್ತಾಗಿದ್ರೆ ಬರೆ ಹಾಕಬೋದಿತ್ತು, ಇದಕ್ಕೆ ಹಾಕಿದ್ರೆ ಬಣ್ಣ ಹೋಗ್ತೈತೆ" ಎಂದರು. ಬೀದಿಯ ತುದಿಯಲ್ಲಿ ರಾಗಿ ಬೀಸುತ್ತಿದ್ದ ಗಿರಣಿಯವನು ಬೆಲ್ಟು ಸಡಿಲವಾಗಿದೆ ಎಂದ. ಕಂಪೌಂಡರೊಬ್ಬರು ರಕ್ತ ಕಮ್ಮಿ ಎನ್ನುವಷ್ಟರಲ್ಲಿ ಬುಡನ್ ಸಾಬರು ಬಂದರು.

ಬುಡನ್ ಸಾಬರ ಗ್ಯಾರೇಜು ಪಿ.ಬಿ. ರಸ್ತೆಯಲ್ಲಿತ್ತು. ದೊಡ್ಡ ಗಂಟಲಿನ ಆಸಾಮಿ. ಬೀಡಿ ಕಚ್ಚಿಕೊಂಡೇ ಪೆಟ್ರೋಲ್ ಪೈಪಿಗೆ ಬಾಯಿ ಹಾಕುವ ಧೈರ್ಯವಂತರು. ಖಾಜಾ ಹುಸೇನನ ಹೆಂಡತಿ ಖತೀಜಾಬೀಯ ಅಣ್ಣ ಬೇರೆ. ಅವರು ಬಂದವರೇ ಎಲ್ಲರನ್ನೂ ದೂರ ಸರಿಸಿ, ಎರಡು ಸಲ ಪೆಡಲ್ ತುಳಿದು, ಭಾಷಣ ಶುರು ಮಾಡಿದರು.

"ಬ್ರೇಕ್ ಅಂದ್ರೆ ಮೊದ್ಲನೇ ಸಲಕ್ಕೇ ಕಲ್ಲಿನಂಗೆ ನಿಲ್ಬೇಕು. ಪಂಪ್ ಮಾಡಿದ ಮ್ಯಾಲೆ ಗಟ್ಟಿ ಆದ್ರೆ ಒಂದೋ ಪೈಪಿನಾಗೆ ಗಾಳಿ ತುಂಬೈತೆ, ಇಲ್ಲಾ ಚಕ್ರದಾಗೆ ಲೈನರ್ ಸವೆದೈತೆ. ಗಟ್ಟಿ ಆದದ್ದು ಒತ್ತಿ ಹಿಡಿದ್ರೂ ತಾನೇ ಕೆಳಗಿಳಿದ್ರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗೈತೆ. ಬಕ್ಕೇಶಪ್ನೋರೆ, ನೀವು ಒತ್ತಿ ಹಿಡ್ಕಂಡು ಕೂಡ್ರಿ. ನಾ ಹೇಳೋ ತನಕ ಬಿಡಬ್ಯಾಡ್ರಿ."

ಬಕ್ಕೇಶಪ್ಪನವರು ಒತ್ತಿ ಹಿಡಿದು ಕೂತರು. ಬುಡನ್ ಸಾಬರು ತಂಗಿಯ ಮನೆಯಲ್ಲಿ ಚಾ ಕುಡಿದು, ಮದುವೆಯ ಮಾತಾಡಿ, ಇನ್ನೊಂದು ಚಾ ಕುಡಿದು ಬಂದರು. ಅಷ್ಟರಲ್ಲಿ ಪೆಡಲ್ಲು ಇಂಚು ಇಂಚಾಗಿ ಇಳಿದು ತಳ ಮುಟ್ಟಿತ್ತು, ಬಕ್ಕೇಶಪ್ಪನವರ ಕಾಲು ಜೋಮು ಹಿಡಿದು ಅವರದ್ದೋ ಕಾರಿನದ್ದೋ ತಿಳಿಯದಂತಾಗಿತ್ತು.

"ರಬ್ಬರ್ ಹೋಗೈತೆ" ಎಂದು ಬುಡನ್ ಸಾಬರು ತೀರ್ಪು ಕೊಟ್ಟರು. "ಈ ಮಾಡಲ್ಲಿಗೆ ಸಾಮಾನು ಇಲ್ಲಿ ಸಿಗಲ್ಲ, ಹುಬ್ಬಳ್ಳಿಯಿಂದ ತರಿಸ್ಬೇಕು. ಅಲ್ಲೀ ತನಕ ಎಣ್ಣೆ ತುಂಬಿ ಕೊಡ್ತೀನಿ. ದೂರದಿಂದ್ಲೇ ಮೂರು ಸಲ ಒತ್ಕಂತಾ ಮೆಲ್ಲಗೆ ಬರ್ರಿ."

ಹೀಗೆ ಮೂರು ಸಲದ ಶಾಸ್ತ್ರ ಸುಳ್ಳೆಂದು ಬಯಲಾದರೂ ಬಕ್ಕೇಶಪ್ಪನವರು ಎದೆಗುಂದಲಿಲ್ಲ. ಮೂರು ಸಲ ಒತ್ತಬೇಕೆಂದು ತಾವು ಮೊದಲಿನಿಂದ ಹೇಳುತ್ತಿದ್ದುದನ್ನೇ ಸಾಬರೂ ಹೇಳಿದರಲ್ಲ ಎಂದರು.

ಈಗ ಮದುವೆಯ ವಿಷಯ. ಖಾಜಾ ಹುಸೇನನ ಮಗಳು ಖುರ್ಷೀದಾಳಿಗೆ ಹರಿಹರದ ಹುಡುಗ ಶಬ್ಬೀರ್ ಗೊತ್ತಾಗಿದ್ದ. ಒಳ್ಳೆಯ ಹುಡುಗ. ಹುಡುಗಿಗೂ ಒಪ್ಪಿಗೆಯಾಗಿತ್ತು, ಅವನ ಹೆಸರು ಹೇಳಿದರೆ ನೀರು ಸೇದುವುದನ್ನು ಮರೆತು ಹಗ್ಗ ಹಿಡಿದು ನಿಲ್ಲುತ್ತಿದ್ದಳು. ತೊಡಕೆಂದರೆ ಹುಡುಗನ ತಾತ ಅಲ್ಲಾಬಕ್ಷ್ ಸಾಹೇಬರು. ಹರಿಹರದಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದ ಅವರು ಒಂದು ಕಾಲದ ಪೈಲ್ವಾನರು. ಕುಸ್ತಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ಮೈಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅದಬ್ಬು, ಮರ್ಯಾದೆ ಎಂದರೆ ಅವರಿಗೆ ಪ್ರಾಣ. ಯಾರು ಎದ್ದರು, ಯಾರು ಕೂತೇ ಸಲಾಂ ಹೇಳಿದರು, ಯಾರ ಕೈ ಎಷ್ಟು ಮೇಲೆ ಹೋಯಿತು ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು.

ನಿಶ್ಚಿತಾರ್ಥದ ದಿನ ಅವರು ನಮ್ಮ ಬೀದಿಗೆ ಕಾಲಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಖಾಜಾ ಹುಸೇನ್ ಬಲಗೈಯಲ್ಲಿ ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿದು ದಾರಿ ತೋರಿಸುತ್ತ ಬಂದವನು, ಗಡಿಬಿಡಿಯಲ್ಲಿ ಖಾಲಿ ಇದ್ದ ಕೈಯಿಂದ ಸಲಾಂ ಮಾಡಿಬಿಟ್ಟ. ಖಾಲಿ ಇದ್ದದ್ದು ಎಡಗೈ. ಅಲ್ಲಾಬಕ್ಷ್ ಸಾಹೇಬರು ಅಲ್ಲೇ ನಿಂತರು. ಬಿರಿಯಾನಿಯ ಹಂಡೆಗಳ ಮುಂದೆ ನಿಂತಿದ್ದವರೂ ನಿಂತಲ್ಲೇ ನಿಂತರು.

"ನನ್ನ ಉಮರಿನಾಗೆ ಎಡಗೈ ಸಲಾಂ ಇದೇ ಮೊದ್ಲು" ಎಂದರು ಸಾಹೇಬರು. "ಮಾತು ಕೊಟ್ಟಾಗೈತೆ, ಇವತ್ತಿಗೆ ಒಳಗೆ ಬರ್ತೀನಿ. ಇನ್ನೊಂದು ಸಲ ಅದಬ್ ತಪ್ಪಿದ್ರೆ ಮದುವೆ ದಿನ ಗಂಡಿನ ಬಾರಾತ್ ಬಾಗಿಲಿಂದ್ಲೇ ವಾಪಸ್."

ಅವತ್ತಿನಿಂದ ಖಾಜಾ ಹುಸೇನನಿಗೆ ನಿದ್ದೆ ಹತ್ತಲಿಲ್ಲ. ಊರಿಗೆಲ್ಲ ಗಾದಿ ಹೊಲಿದುಕೊಟ್ಟವನು ಚಾಪೆಯ ಮೇಲೆ ಹೊರಳಾಡಿದ. ಖುರ್ಷೀದಾ ಊಟ ಬಿಟ್ಟಳು. ಇದನ್ನು ನೋಡಲಾರದೆ ಬಕ್ಕೇಶಪ್ಪನವರು ಎದೆ ಮುಟ್ಟಿಕೊಂಡು, "ಮದುಮಗನ್ನ ನನ್ನ ಕಾರಿನಾಗೆ ತರ್ತೀನಿ ಖಾಜಾ. ಹರಿಹರದೋರು ಬಾಯಿ ಬಿಟ್ಕಂಡು ನೋಡ್ಬೇಕು" ಎಂದು ಮಾತು ಕೊಟ್ಟರು. ಬ್ರೇಕಿನ ನೆನಪು ಅವರಿಗೆ ಆ ಹೊತ್ತಿನಲ್ಲಿ ಬರಲಿಲ್ಲ, ನೆನಪು ಮಾಡಿದ್ದು ಕಸ್ತೂರಮ್ಮ.

ಮುಂದಿನ ಶುಕ್ರವಾರ ಮದುವೆಯ ಕರೆಯೋಲೆ ಕೊಡಲು ಇಬ್ಬರೂ ಹರಿಹರಕ್ಕೆ ಹೊರಟರು. ದಾರಿಯುದ್ದಕ್ಕೂ ಖಾಜಾ ಹುಸೇನ್ ಬಲಗೈ ಎತ್ತಿ ಎತ್ತಿ ಅಭ್ಯಾಸ ಮಾಡಿದ. ಅಲ್ಲಾಬಕ್ಷ್ ಸಾಹೇಬರು ಅಡ್ಡೆಯ ಮುಂದೆ ಬೆಂಚಿನ ಮೇಲೆ ಕೂತಿದ್ದರು, ಸುತ್ತ ನಮಾಜು ಮುಗಿಸಿ ಬಂದ ಹತ್ತಾರು ಜನ. ಬಕ್ಕೇಶಪ್ಪನವರು ಬುಡನ್ ಸಾಬರ ಆಜ್ಞೆಯಂತೆ ದೂರದಿಂದಲೇ ಶುರು ಮಾಡಿದರು. ಒಂದು ಸಲ ಒತ್ತಿದರು, ಕಾರಿನ ಮೂತಿ ಕೊಂಚ ಬಾಗಿ ಎದ್ದಿತು. ಎರಡನೆಯ ಸಲ ಒತ್ತಿದರು, ಇನ್ನಷ್ಟು ಬಾಗಿ ಎದ್ದಿತು. ಮೂರನೆಯ ಸಲಕ್ಕೆ ಬಂಪರು ನೆಲ ಮುಟ್ಟುವಂತೆ ಬಗ್ಗಿ, ಸಾಹೇಬರ ಬೆಂಚಿನ ಮುಂದೆ ಸರಿಯಾಗಿ ನಿಂತು, ನಿಧಾನವಾಗಿ ತಲೆ ಎತ್ತಿತು.

ಅಲ್ಲಾಬಕ್ಷ್ ಸಾಹೇಬರು ಕಾರನ್ನು ನೋಡಿದರು. ಆಮೇಲೆ, ಜಿಲ್ಲೆಯ ದೊಡ್ಡ ದೊಡ್ಡವರಿಗೆ ಏಳದಿದ್ದವರು, ಬೆಂಚಿನಿಂದ ಎದ್ದು ಬಲಗೈಯನ್ನು ಹಣೆಗೆ ಮುಟ್ಟಿಸಿ ಕಾರಿಗೆ ಸಲಾಂ ವಾಪಸು ಕೊಟ್ಟರು.

"ಮೂರು ಸಲ" ಎಂದರು ಪಕ್ಕದವರ ಕಡೆ ತಿರುಗಿ. "ನೋಡಿದ್ರಾ? ಗಾಡಿಗೇ ಇಷ್ಟು ತಮೀಜ್ ಕಲಿಸ್ಯಾರೆ ಅಂದ್ರೆ, ಹುಡುಗಿಗೆ ಎಷ್ಟು ಕಲಿಸಿರ್ಬೇಕು."

ಖಾಜಾ ಹುಸೇನ್ ಬಾಯಿ ತೆರೆದ. ಬಕ್ಕೇಶಪ್ಪನವರು ಅವನ ಕಾಲು ತುಳಿದರು, ಅದೂ ಮೂರು ಸಲ.

"ಸುಮ್ನೆ ಬರ್ಲಿಲ್ರೀ ಸಾಹೇಬ್ರೆ" ಎಂದರು ಬಕ್ಕೇಶಪ್ಪ. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಮಾತಿಗೂ ಬ್ರೇಕು ಬೇಕಲ್ಲ. "ದಿನಾ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿಸ್ತೀನಿ. ಮೊದಮೊದ್ಲು ಹಟ ಮಾಡ್ತಿತ್ತು. ಈಗ ಮನುಷ್ಯರನ್ನ ನೋಡಿ ಅಳತೆ ಮಾಡ್ತೈತೆ. ಮೂರು ಸಲಾಂ ಎಲ್ಲಾರಿಗೂ ಹೊಡಿಯಲ್ಲ."

"ಹಂಗಾದ್ರೆ ಮದುವೆ ದಿನ ನನ್ನ ಮೊಮ್ಮಗನ್ನ ಕೂರಿಸ್ಕಂಡು ಹುಡುಗಿ ಬಾಗಿಲ ಮುಂದೆ ಮೂರು ಸಲಾಂ ಹೊಡೀಲಿ" ಎಂದರು ಸಾಹೇಬರು. "ಹರಿಹರದಿಂದ ಎರಡು ಬಸ್ ಜನ ತರ್ತೀನಿ, ನೋಡಾಕೆ. ಎಡಗೈ ವಿಷಯ ಅವತ್ತೇ ಮರೀತೀನಿ."

ವಾಪಸು ಬರುವಾಗ ಖಾಜಾ ಹುಸೇನ್, "ಅಣ್ಣಾ, ಅದು ಬ್ರೇಕ್ ಕೆಟ್ಟಿರೋದಲ್ವಾ?" ಎಂದ.

"ನಮಗೆ ಅದು ಬ್ರೇಕು. ಅವರಿಗೆ ಸಲಾಮು. ನಿನ್ನ ಮಗಳ ಮದುವೆ ಆಗೋದು ಯಾವುದರಿಂದ, ನೀನೇ ಹೇಳು."

ಆ ಸಂಜೆ ಖುರ್ಷೀದಾ ಊಟ ಮಾಡಿದಳೆಂದು ಖತೀಜಾಬೀ ಬಂದು ಕಸ್ತೂರಮ್ಮನಿಗೆ ಹೇಳಿ ಕಣ್ಣೊರೆಸಿಕೊಂಡರು.

ಸುದ್ದಿ ಹರಿಹರದಿಂದ ದಾವಣಗೆರೆಗೆ ಬಸ್ಸಿಗಿಂತ ಮೊದಲು ಬಂದಿತ್ತು. ಸರ್ಕಲ್ಲಿನ ಪೊಲೀಸಿನವನು ತನ್ನ ಮುಂದೆ ಕಾರು ಮೂರು ಸಲ ಬಾಗಿ ನಿಂತದ್ದಕ್ಕೆ ಮೈಯೆಲ್ಲ ಪುಳಕಗೊಂಡು, ಬಸ್ಸು ಲಾರಿಗಳನ್ನೆಲ್ಲ ತಡೆದು ಮೊದಲು ಇದನ್ನೇ ಬಿಟ್ಟ. ನಮ್ಮ ಬೀದಿಯಲ್ಲಿ ಪ್ರತಿ ಮನೆಯವರಿಗೂ ತಮ್ಮ ಬಾಗಿಲಿಗೆ ಒಂದು ಸಲಾಂ ಬೇಕಾಯಿತು. ಅತ್ತೆ ಸೊಸೆ ಬೇರೆ ಬೇರೆಯಾಗಿದ್ದ ಮನೆಯಲ್ಲಿ ಎರಡು ಬಾಗಿಲಿಗೂ ಬೇಕಾಯಿತು. ಬಕ್ಕೇಶಪ್ಪನವರು ಮನೆಯಿಂದ ಬೀದಿಯ ತುದಿ ಮುಟ್ಟುವುದರಲ್ಲಿ ಕೆಲಸಕ್ಕೆ ತಡವಾಗುತ್ತಿತ್ತು.

ತಡವಾದದ್ದನ್ನು ಕುಬೇರಪ್ಪನವರು ಮನ್ನಿಸುತ್ತಿದ್ದರೇನೋ. ಅವರಿಗೆ ನೋವಾದದ್ದು ಬೇರೆ ಕಾರಣಕ್ಕೆ.

"ಇಷ್ಟು ವರ್ಷ ನನ್ನ ಶೆಡ್ಡಿನಾಗೆ ಇತ್ತು ಆ ಗಾಡಿ" ಎಂದರು ಬಕ್ಕೇಶಪ್ಪನವರನ್ನು ಕರೆಸಿ. "ನನ್ನ ಪೆಟ್ರೋಲು ಕುಡಿದು ಬೆಳೀತು. ನನಗೆ ಒಂದಿನ ತಲೆ ಬಗ್ಗಿಸ್ಲಿಲ್ಲ. ನಾಳೆ ಬಂಗ್ಲೆಗೆ ತಗಂಡು ಬರ್ರಿ."

ಮರುದಿನ ಪಿ.ಜೆ. ಬಡಾವಣೆಯ ಬಂಗಲೆಗೆ ಕಾರು ಹೋಯಿತು. ಕುಬೇರಪ್ಪನವರು ಜರಿ ಪೇಟ ಸುತ್ತಿ, ಮನೆಯವರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ಕಾದಿದ್ದರು. ಬಂಗಲೆಯ ಅಂಗಳ ಏರು. ಕಾರು ಒಂದು ಸಲ ಬಾಗಿತು, ಎರಡು ಸಲ ಬಾಗಿತು, ಮೂರನೆಯದಕ್ಕೆ ಮೊದಲೇ ಏರಿನ ದೆಸೆಯಿಂದ ನಿಂತುಬಿಟ್ಟಿತು. ಕುಬೇರಪ್ಪನವರು ಇನ್ನೊಂದಕ್ಕೆ ಕಾದರು. ಬಕ್ಕೇಶಪ್ಪನವರು ನಿಂತ ಕಾರಿನಲ್ಲಿ ಪೆಡಲ್ಲನ್ನು ಎಷ್ಟು ತುಳಿದರೂ ಮೂತಿ ಬಾಗಲಿಲ್ಲ.

"ಕಟ್ಟಿಗೆ ಅಡ್ಡೆಯವರಿಗೆ ಮೂರು, ಅನ್ನ ಹಾಕಿದೋನಿಗೆ ಎರಡು" ಎಂದು ಕುಬೇರಪ್ಪನವರು ಪೇಟ ತೆಗೆದು ಒಳಗೆ ಹೋದರು. ಅವತ್ತಿನಿಂದ ಜಿನ್ನಿನಲ್ಲಿ ಬಕ್ಕೇಶಪ್ಪನವರ ನಮಸ್ಕಾರಕ್ಕೆ ಉತ್ತರ ಬರುವುದು ನಿಂತಿತು.

ಮದುವೆಗೆ ಇನ್ನೆರಡು ದಿನವಿದ್ದಾಗ ಹುಬ್ಬಳ್ಳಿಯಿಂದ ರಬ್ಬರು ಬಂತು. ಬುಡನ್ ಸಾಬರು ಡಬ್ಬಿ ಹಿಡಿದು ಮನೆಗೇ ಬಂದರು.

"ಮದುವೆ ಮುಗಿಯೋ ತನಕ ಆ ಡಬ್ಬಿ ಮುಚ್ಚಳ ತೆಗೀಬ್ಯಾಡ್ರಿ" ಎಂದರು ಬಕ್ಕೇಶಪ್ಪ. "ಬ್ರೇಕ್ ಸರಿ ಆದ್ರೆ ನಿಮ್ಮ ಸೋದರ ಸೊಸಿ ಮದುವೆ ಕೆಡ್ತೈತೆ."

"ಬ್ರೇಕ್ ಪೂರಾ ಹೋದ್ರೆ?"

"ಇಷ್ಟು ದಿನ ಹೋಗೈತೇನ್ರಿ?"

ಒಳಗೆ ಅಕ್ಕಿ ಆರಿಸುತ್ತಿದ್ದ ಕಸ್ತೂರಮ್ಮ ಇದನ್ನೆಲ್ಲ ಕೇಳಿಸಿಕೊಂಡರು. ಗಂಡ ಸ್ನಾನಕ್ಕೆ ಹೋದಾಗ ಕಾರಿನ ಕೀಲಿಯನ್ನು ಬುಡನ್ ಸಾಬರ ಕೈಗೆ ಕೊಟ್ಟು, "ತೊಳೆಸಾಕೆ ತಗಂಡೋದ್ರು ಅಂತ ಹೇಳ್ತೀನಿ. ಎರಡೂ ಮನೆ ಮಕ್ಕಳು ಕೂಡೋ ಗಾಡಿ ಸಾಬ್ರೆ, ಸಲಾಮು ಹೋಗ್ಲಿ, ಜೀವ ಇರ್ಲಿ" ಎಂದರು.

ಮದುವೆಯ ದಿನ ಬೆಳಿಗ್ಗೆ ಕಾರು ಮೈಯೆಲ್ಲ ಮಲ್ಲಿಗೆ ಮುಡಿದುಕೊಂಡು ಗ್ಯಾರೇಜಿನಿಂದ ಬಂತು. ಬಕ್ಕೇಶಪ್ಪನವರು ಹೊಸ ಪಂಚೆ ಉಟ್ಟು ಒಬ್ಬರೇ ಹರಿಹರದ ದಾರಿ ಹಿಡಿದರು. ಊರ ಹೊರಗೆ ರೈಲ್ವೆ ಗೇಟು ಹಾಕಿತ್ತು. ಎಂದಿನಂತೆ ದೂರದಿಂದಲೇ ಮೊದಲ ಸಲ ಒತ್ತಿದರು. ಕಾರು ಅಲ್ಲೇ, ನಡುರಸ್ತೆಯಲ್ಲಿ, ಗೂಟ ಬಡಿದಂತೆ ನಿಂತಿತು. ಬಕ್ಕೇಶಪ್ಪನವರ ಎದೆ ಸ್ಟೇರಿಂಗಿಗೆ ತಾಗಿ, ಹಾರನ್ನು ತಾನೇ ಬಡಿದುಕೊಂಡಿತು. ಗೇಟು ಇನ್ನೂ ಅಷ್ಟು ದೂರದಲ್ಲಿತ್ತು.

ಕಾರಿಗೆ ಭಾರಿ ಏನೋ ಕೆಟ್ಟಿದೆ ಎಂದು ಅವರಿಗೆ ಖಚಿತವಾಯಿತು. ಮತ್ತೆ ಓಡಿಸಿ ಮತ್ತೆ ಒತ್ತಿದರು. ಮತ್ತೆ ಗೂಟ. ಕಲ್ಲಿನಂತಾಗಿದ್ದ ಪೆಡಲ್ಲನ್ನು ಕೈಯಿಂದ ಹಿಚುಕಿ ನೋಡಿದರು, ಕಾಲಿನಿಂದ ಒದ್ದರು, ಕೊನೆಗೆ ಮೆಲ್ಲಗೆ ಬೇಡಿಕೊಂಡರು. ಹರಿಹರದವರೆಗೂ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೋಯಿತು. ಸಾಹೇಬರ ಬೀದಿಯಲ್ಲಿ ಬ್ಯಾಂಡಿನವರು ಬಾರಿಸಲು ಶುರುಮಾಡಿದಾಗ ಕಾರು ಆರು ಮನೆ ಹಿಂದೆ ನಿಂತಿತ್ತು. ಅವರು ನಿಲ್ಲಿಸಿದರು. ಕಾರು ಹೊರಟಿತು, ಅವರು ಬಾರಿಸಿದರು. ಕಾರು ನಾಲ್ಕು ಮನೆ ಹಿಂದೆ ನಿಂತಿತು.

"ಏನಿದು, ನಿಂತು ನಿಂತು ಬರ್ತೈತೆ?" ಎಂದರು ಅಲ್ಲಾಬಕ್ಷ್ ಸಾಹೇಬರು.

"ಮದುವೆ ಗಾಡಿ ಅಲ್ರಾ ಸಾಹೇಬ್ರೆ, ನಾಚ್ಕಂತೈತೆ."

"ಸಲಾಂ?"

"ಹುಡುಗಿ ಬಾಗ್ಲಿಗೆ ಅಂತ ಉಳಿಸ್ಕಂಡೈತೆ."

ಸಾಹೇಬರು ಮೆಚ್ಚಿದರು. ಅವರು ಮುಂದೆ ಕೂತರು, ಕಾರು ಆ ಕಡೆಗೆ ವಾಲಿತು. ಹೂವಿನ ಸೆಹರಾದೊಳಗೆ ಮುಖ ಮುಚ್ಚಿಕೊಂಡಿದ್ದ ಶಬ್ಬೀರ್ ಹಿಂದೆ ಕೂತ. ಹಿಂದೆ ಎರಡು ಬಸ್ಸು ತುಂಬ ಹರಿಹರ ಹೊರಟಿತು. ಸಾಹೇಬರು ಈ ಸಲಾಮಿನ ಸಂಗತಿಯನ್ನು ಮಸೀದಿಯಲ್ಲಿ ಹೇಳಿದ್ದರು, ಸಂತೆಯಲ್ಲಿ ಹೇಳಿದ್ದರು, ಕಟ್ಟಿಗೆ ಕೊಳ್ಳಲು ಬಂದವರಿಗೆಲ್ಲ ಎದ್ದು ನಿಂತು ಮಾಡಿ ತೋರಿಸಿದ್ದರು. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಬಕ್ಕೇಶಪ್ಪನವರು ಒತ್ತಿದರು. ಸಾಹೇಬರ ಟೋಪಿ ಗಾಜಿಗೆ ಬಡಿಯಿತು, ಮದುಮಗನ ಸೆಹರಾ ಬಕ್ಕೇಶಪ್ಪನವರ ಕೊರಳಿಗೆ ಬಂದು ಬಿತ್ತು. ಹೂವನ್ನು ವಾಪಸು ಕೊಡುವಾಗ ಹುಡುಗ ಕಿವಿಯಲ್ಲಿ, "ಮಾಮು, ಮದುವೆ ಆಗ್ತೈತಲ್ಲ?" ಎಂದು ಕೇಳಿದ.

ಪಿ.ಬಿ. ರಸ್ತೆಗೆ ಬಂದೊಡನೆ, ಬಕ್ಕೇಶಪ್ಪನವರು ಗಾಡಿಗೆ ನೀರು ಕುಡಿಸಬೇಕೆಂದು ಹೇಳಿ ಬುಡನ್ ಸಾಬರ ಗ್ಯಾರೇಜಿನ ಮುಂದೆ ನಿಲ್ಲಿಸಿದರು.

"ಸಾಬ್ರೆ, ಬ್ರೇಕ್ ಮೆತ್ತಗೆ ಮಾಡ್ರಿ" ಎಂದರು ಒಳಗೆ ಹೋಗಿ, ಕೈ ಮುಗಿದು.

"ನಾ ಹುಟ್ಟಿದಾಗಿಂದ ಬ್ರೇಕ್ ಗಟ್ಟಿ ಮಾಡೀನಿ. ಮೆತ್ತಗೆ ಮಾಡ್ರಿ ಅಂತ ಬಂದೋರು ನೀವೇ ಮೊದ್ಲು."

"ಅಂದ್ರೆ ನೀವೇ ಮಾಡಿದ್ದಾ?"

"ರಬ್ಬರ್ ಹಾಕಿದೋನು ನಾನು, ಕೀಲಿ ಕೊಟ್ಟೋರು ನಿಮ್ಮ ಮನೇಯೋರು. ಇಬ್ಬರಾಗೆ ಯಾರನ್ನ ಬೈತೀರಿ ಬೈರಿ."

ಬಕ್ಕೇಶಪ್ಪನವರು ಯೋಚಿಸಿ ಯಾರನ್ನೂ ಬೈಯಲಿಲ್ಲ. ಒಬ್ಬರ ಕೈಯಲ್ಲಿ ಪಾನಾ ಇತ್ತು, ಇನ್ನೊಬ್ಬರ ಕೈಯಲ್ಲಿ ಅಡುಗೆಮನೆ.

ವಿನೋಬನಗರದಲ್ಲಿ ಮಾಳಿಗೆಗಳ ಮೇಲೂ ಜನ. ಖಾಜಾ ಹುಸೇನ್ ಬಾಗಿಲಲ್ಲಿ ನಿಂತಿದ್ದ, ಗ್ರಹಚಾರ ಮತ್ತೆ ಕೆಡಬಾರದೆಂದು ಎಡಗೈಯನ್ನು ಕರವಸ್ತ್ರದಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದ. ಮೇಲಿನ ಕಿಟಕಿಯ ಪರದೆಯ ಸಂದಿಯಲ್ಲಿ ಗೋರಂಟಿ ಹಚ್ಚಿದ ಬೆರಳುಗಳು ಕಾಣುತ್ತಿದ್ದವು. ಬ್ಯಾಂಡಿನ ಹಿಂದೆ ಕಾರು ಮೆಲ್ಲಗೆ ಬಂತು. ಬಕ್ಕೇಶಪ್ಪನವರು ಕಣ್ಣು ಮುಚ್ಚಿ ಒತ್ತಿದರು. ಕಾರು ತಲೆ ಎತ್ತಿಕೊಂಡೇ ನಿಂತಿತು.

ಬ್ಯಾಂಡು ನಿಂತಿತು. ಬಸ್ಸಿನಿಂದಿಳಿದ ಹರಿಹರದವರೆಲ್ಲ ಕತ್ತು ಉದ್ದ ಮಾಡಿದರು. ಅಲ್ಲಾಬಕ್ಷ್ ಸಾಹೇಬರು ಕಾದರು. ಅವರ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬರತೊಡಗಿದವು.

"ಹೊಡಿಯಲ್ಲ ಸಾಹೇಬ್ರೆ" ಎಂದರು ಬಕ್ಕೇಶಪ್ಪ, ತುಟಿ ಅಲುಗದಂತೆ. "ಇದಕ್ಕೆ ಸಲಾಂ ಬರಲ್ಲ. ಅವತ್ತು ಬ್ರೇಕ್ ಕೆಟ್ಟಿತ್ತು, ಮೂರು ಸಲ ಒತ್ತಿದ್ರೆ ನಿಲ್ತಿತ್ತು. ಈಗ ಸರಿ ಮಾಡಿಬಿಟ್ಟಾರೆ. ತಪ್ಪು ನಂದು, ಆ ಖಾಜಾಂದಲ್ಲ. ಹುಡುಗೀದಂತೂ ಅಲ್ವೇ ಅಲ್ಲ. ಹಿಂದಕ್ಕೆ ಹೋಗಬ್ಯಾಡ್ರಿ."

ಸಾಹೇಬರು ಮುಂದೆಯೇ ನೋಡುತ್ತ ಕೂತಿದ್ದರು. "ಅಂದ್ರೆ, ಅವತ್ತು ನಾನು ಎದ್ದು ನಿಂತು ಸಲಾಂ ವಾಪಸ್ ಕೊಟ್ಟಿದ್ದು ಒಂದು ರಬ್ಬರಿಗೆ?"

"ರಬ್ಬರಿಗೂ ಅಲ್ರಿ. ಅದು ಅಷ್ಟೊತ್ತಿಗೆ ಸವೆದು ಹೋಗಿತ್ತು."

"ಇದು ಹರಿಹರದಾಗೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ರಿ. ನಿಮ್ಮ ಮೊಮ್ಮಗನಿಗೆ ಈಗ ಕೇಳಿಸಿರ್ಬೋದು."

ಹಿಂದಿನ ಸೀಟಿನಲ್ಲಿ ಸೆಹರಾ ಕೇಳಿಸಲಿಲ್ಲವೆಂಬಂತೆ ತಲೆಯಾಡಿಸಿತು. ಸಾಹೇಬರು ತಿರುಗಿ ತಮ್ಮ ಎರಡು ಬಸ್ಸು ಜನರನ್ನು ನೋಡಿದರು. ಅವರೆಲ್ಲರ ಮುಂದೆ ತಾವು ಎದ್ದೆದ್ದು ಮಾಡಿ ತೋರಿಸಿದ್ದು ಅವರ ಕಣ್ಣ ಮುಂದೆ ಬಂದಿರಬೇಕು. ಬಾರಾತ್ ವಾಪಸು ಒಯ್ದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಹರಿಹರ ನಗಬೇಕು. ಅದಬ್ಬಿನ ಅಷ್ಟೂ ವರ್ಷಗಳು ಆ ಒಂದು ರಬ್ಬರಿನ ಮೇಲೆ ನಿಂತಿದ್ದವು.

"ಬಾಯಿ ಮುಚ್ಕಂಡು ಇರ್ರಿ" ಎಂದು ಅವರು ಬಾಗಿಲು ತೆರೆದು ಇಳಿದರು.

ನಿಧಾನವಾಗಿ ನಡೆದು ಕಾರಿನ ಮುಂದಕ್ಕೆ ಹೋದರು. ದುವಾ ಮಾಡುವವರ ಹಾಗೆ ಒಂದು ಸಲ ಆಕಾಶ ನೋಡಿ, ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಇಟ್ಟರು. ಸಾಹೇಬರು ಕಣ್ಣು ಮುಚ್ಚಿದರು, ಅವರ ಭುಜಗಳು ಅಂಗಿಯೊಳಗೆ ಉಬ್ಬಿದವು. ಕಾರು ಬಾಗಿತು, ಎದ್ದಿತು. ಇನ್ನೊಮ್ಮೆ ಬಾಗಿತು, ಎದ್ದಿತು. ಮೂರನೆಯ ಸಲ ಪೈಲ್ವಾನರು ಹರೆಯದ ಕಸುವನ್ನೆಲ್ಲ ಒಟ್ಟುಮಾಡಿದರು. ಕಾರಿನ ಅಡಿಯಲ್ಲಿ ಠಣ್ಣೆಂದು ಏನೋ ಮುರಿದ ಸದ್ದಾಯಿತು. ಕಾರು ಬಂಪರನ್ನು ನೆಲಕ್ಕೆ ಮುಟ್ಟಿಸಿ ಬಾಗಿತು, ಮತ್ತೆ ಏಳಲಿಲ್ಲ.

ಸಾಹೇಬರು ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಹರಿಹರದವರ ಕಡೆ ತಿರುಗಿದರು. "ನೋಡ್ಕಳ್ರಿ. ಮೂರನೇ ಸಲಾಂ ಎಷ್ಟು ಹೊತ್ತು ಐತೆ ನೋಡ್ಕಳ್ರಿ."

ಆಮೇಲೆ ಎದ್ದ ಗದ್ದಲದಲ್ಲಿ ಬ್ಯಾಂಡಿನವರು ಬಾರಿಸಿದ್ದೂ ಕೇಳಲಿಲ್ಲ. ಖಾಜಾ ಹುಸೇನ್ ಬಲಗೈ ಎತ್ತಿ ಸಲಾಂ ಮಾಡಿದ, ಇಳಿಸುವುದನ್ನೇ ಮರೆತು ಹಾಗೆಯೇ ಅಳತೊಡಗಿದ. ಸಾಹೇಬರು ಅವನ ಸೊಂಟಕ್ಕೆ ಕಟ್ಟಿದ್ದ ಎಡಗೈಯನ್ನು ತಾವೇ ಬಿಚ್ಚಿ, ಅವನನ್ನು ಅಪ್ಪಿಕೊಂಡು ಒಳಗೆ ಕರೆದೊಯ್ದರು. ಕಾರಿನ ಹತ್ತಿರ ಹಾದುಹೋಗುವಾಗ ಬಕ್ಕೇಶಪ್ಪನವರಿಗೆ ಮಾತ್ರ ಕೇಳುವಂತೆ, "ಬ್ರೇಕ್ ಸರಿ ಮಾಡ್ಸಿದ್ದು ಒಳ್ಳೇದಾತು. ಇಲ್ದಿದ್ರೆ ಹುಡುಗ ಗಾಡಿ ಸಮೇತ ಗೋಡೆಗೆ ಹೋಗ್ತಿದ್ದ" ಎಂದರು.

ನಿಕಾಹ್ ಸಾಂಗವಾಗಿ ಆಯಿತು. ಬಿರಿಯಾನಿ ನಮ್ಮ ಬೀದಿಯವರಿಗೂ ಮುಟ್ಟಿತು, ನಮ್ಮಂಥ ಸೊಪ್ಪು ತಿನ್ನುವವರಿಗೆ ಕಸ್ತೂರಮ್ಮನೇ ನಿಂತು ಬೇರೆ ಒಲೆಯಲ್ಲಿ ಮಾಡಿಸಿದ ಹೋಳಿಗೆ ಮುಟ್ಟಿತು. ಮರುದಿನ ಬುಡನ್ ಸಾಬರು ಕಾರಿನ ಕೆಳಗೆ ಮಲಗಿ ಎದ್ದು ಬಂದು, ಬ್ರೇಕು ಅವ್ವಲ್ ದರ್ಜೆಯಲ್ಲಿದೆ, ಮೂತಿಯನ್ನು ಎತ್ತಿ ಹಿಡಿಯುವ ಮುಂದಿನ ಎರಡೂ ಕಂಬಿ ಮಾತ್ರ ಹೋಗಿವೆ, ಅವು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಎಂದರು. ಕಾರು ಓಡುತ್ತಿತ್ತು, ತಲೆ ಎತ್ತುತ್ತಿರಲಿಲ್ಲ.

ಬಕ್ಕೇಶಪ್ಪನವರು ಸೋಮವಾರ ಅದರಲ್ಲೇ ಕೆಲಸಕ್ಕೆ ಹೋದರು. ಕಾರು ನೆಲ ನೋಡಿಕೊಂಡು ಜಿನ್ನಿನ ಗೇಟು ದಾಟಿತು, ನೆಲ ನೋಡಿಕೊಂಡೇ ಕುಬೇರಪ್ಪನವರ ಆಫೀಸಿನ ಕಿಟಕಿಯ ಮುಂದೆ ನಿಂತಿತು. ಕುಬೇರಪ್ಪನವರು ಹೊರಗೆ ನೋಡಿದರು, ನೋಡದಂತೆ ಮಾಡಿದರು. ಮಧ್ಯಾಹ್ನ ಊಟಕ್ಕೆ ಎದ್ದಾಗ ನೋಡಿದರು, ಬಾಗಿಯೇ ಇತ್ತು. ಸಂಜೆ ಸೈರನ್ ಆದಾಗ ಅವರ ಮನಸ್ಸು ಕರಗಿತು. ಹೊರಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಕಾರಿಗೆ ಕೈ ಎತ್ತಿ ಒಂದು ನಮಸ್ಕಾರ ಮಾಡಿದರು.

"ಸಾಕು ಬಿಡ್ರಿ ಬಕ್ಕೇಶಪ್ಪ. ನಂದೂ ಸಿಟ್ಟು ಹೋತು" ಎಂದರು. "ಇನ್ನು ತಲೆ ಎತ್ತಾಕೆ ಹೇಳ್ರಿ ಅದಕ್ಕೆ."

"ಅದೊಂದು ಕಲಿಸಿಲ್ರೀ ಧಣಿ" ಎಂದರು ಬಕ್ಕೇಶಪ್ಪ.